ಮಗಳ ಸುದ್ದಿ ಬರುವ ಐದು ದಾರಿಗಳು: ಎರಡು ವರ್ಷ ಎಲ್ಲವನ್ನೂ ಬಳಸಿ ನೋಡಿದ ಮೇಲೆ

2023ರ ಆಗಸ್ಟ್‌ನಲ್ಲಿ ಮಗಳನ್ನು ನೀಲಗಿರಿಯ ಒಂದು ಇಂಟರ್‌ನ್ಯಾಷನಲ್ ವಸತಿ ಶಾಲೆಗೆ ಆರನೆಯ ತರಗತಿಗೆ ಸೇರಿಸಿದೆವು. ಶಾಲೆಯವರು ಕೈಗಿತ್ತ ಕಡತದಲ್ಲಿ ಮಗುವಿನ ಸುದ್ದಿ ನಮಗೆ ಹೇಗೆಲ್ಲ ತಲುಪುತ್ತದೆ ಎನ್ನುವುದಕ್ಕೇ ಎರಡು ಪುಟಗಳಿದ್ದವು. ವಾರಕ್ಕೊಂದು ಇ-ಮೇಲ್ ವಾರ್ತಾಪತ್ರ, ಅಂಕ ಮತ್ತು ಹಾಜರಿ ತೋರಿಸುವ ಆ್ಯಪ್, ಭಾನುವಾರದ ಫೋನ್, ಭಾನುವಾರವೇ ಬರೆಸುವ ಪತ್ರ. ಪೋಷಕರ ವಾಟ್ಸಾಪ್ ಗುಂಪು ಆ ಪಟ್ಟಿಯಲ್ಲಿರಲಿಲ್ಲ. ಅದಕ್ಕೆ ನನ್ನನ್ನು ಸೇರಿಸಿದ ಪುಣ್ಯಾತ್ಮರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ನಾವಿಬ್ಬರೂ ಕೆಲಸಕ್ಕೆಂದು ಮಸ್ಕತ್‌ನಲ್ಲಿರುವವರು, ನನ್ನ ಅಮ್ಮ ಸಾಗರದಲ್ಲಿ. ಐದೂ ದಾರಿಗಳನ್ನು ನಂಬಿ, ಬೈದು, ಮತ್ತೆ ನಂಬಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ವಾರ್ತಾಪತ್ರ. ಶುಕ್ರವಾರ ಸಂಜೆ ತಪ್ಪದೆ ಬರುತ್ತದೆ. ಪ್ರಾಂಶುಪಾಲರ ನಾಲ್ಕು ಮಾತು, ಗುಡ್ಡಗಾಡು ಓಟದ ಫಲಿತಾಂಶ, ವಿಶ್ವಸಂಸ್ಥೆಯ ದಿನಕ್ಕೆ ಮಕ್ಕಳು ಹಾಕಿದ ತಿಂಡಿ ಮಳಿಗೆಗಳು, ಆಮೇಲೆ ಅರವತ್ತು ಚಿಲ್ಲರೆ ಫೋಟೊಗಳು. ಮೊದಲ ತಿಂಗಳು ಒಂದೊಂದನ್ನೂ ಹಿಗ್ಗಿಸಿ ಹುಡುಕಿದೆ. ಒಂದರಲ್ಲಿ ಮೂರನೆಯ ಸಾಲಿನ ಹಿಂದೆ ಅರ್ಧ ಕಿವಿ ಮತ್ತು ಕಪ್ಪು ಹೇರ್‌ಬ್ಯಾಂಡ್ ಸಿಕ್ಕಿತು. ಅದು ನಮ್ಮವಳದೇ ಕಿವಿ ಎಂದು ನಾನು, ಅಲ್ಲ ಎಂದು ಇವರು. ರಜೆಯಲ್ಲಿ ಅವಳನ್ನೇ ಕೇಳಿದರೆ ಆ ದಿನ ತಾನು ಗ್ರಂಥಾಲಯದಲ್ಲಿದ್ದೆ ಎಂದಳು. ಶಾಲೆ ಏನು ಮಾಡುತ್ತಿದೆ ಎಂದು ವಾರ್ತಾಪತ್ರ ಚೆನ್ನಾಗಿಯೇ ಹೇಳುತ್ತದೆ. ಮಗು ಏನು ಮಾಡುತ್ತಿದೆ ಎನ್ನುವುದು ಅದರ ಕೆಲಸವಲ್ಲ. ಆದರೂ ನಾನು ಓದುವುದನ್ನು ಬಿಟ್ಟಿಲ್ಲ. ಊಟಿಗೆ ಹೋಗುವ ವಾಹನಗಳಿಗೆ 2024ರ ಮೇ ತಿಂಗಳಿನಿಂದ ಇ-ಪಾಸ್ ಬೇಕು ಎಂಬುದು ನನಗೆ ತಿಳಿದದ್ದು ಅದರ ಕೊನೆಯ ಸಾಲಿನಿಂದ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ ಎಂದು ಪ್ರತಿ ರಜೆಗೂ ಮುಂಚೆ ನೆನಪಿಸುವುದೂ ಅದೇ.

ಆ್ಯಪ್‌ನದು ಬೇರೆಯೇ ಕಥೆ. ಈ ಶಾಲೆಯಲ್ಲಿ ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಎಂಬ ಅಂತಾರಾಷ್ಟ್ರೀಯ ಪಠ್ಯಕ್ರಮ. ಪ್ರತಿ ವಿಷಯಕ್ಕೂ ಎ, ಬಿ, ಸಿ, ಡಿ ಎಂದು ನಾಲ್ಕು ಮಾನದಂಡಗಳು, ಒಂದೊಂದಕ್ಕೆ 8ರಂತೆ ಒಟ್ಟು 32. ಆ ಮೊತ್ತವನ್ನು 1ರಿಂದ 7ರವರೆಗಿನ ದರ್ಜೆಗೆ ಇಳಿಸುತ್ತಾರೆ. 19ರಿಂದ 23ರ ನಡುವೆ ಬಂದರೆ 5, 28 ಮುಟ್ಟಿದರೆ 7. ಗಣಿತದಲ್ಲಿ ಇವಳಿಗೆ 20 ಬಂದು ದರ್ಜೆ 5 ಆದಾಗ ಇವರು ಕ್ಯಾಲ್ಕ್ಯುಲೇಟರ್ ತೆಗೆದರು. 32ಕ್ಕೆ 20 ಎಂದರೆ ಶೇಕಡಾ 62ರ ಮೇಲೆ, 7ಕ್ಕೆ 5 ಎಂದರೆ ಶೇಕಡಾ 71. ಎರಡೂ ತಪ್ಪು ಲೆಕ್ಕ, ಇದು ಶೇಕಡಾವಾರಿಗೆ ಇಳಿಯುವ ಪದ್ಧತಿಯೇ ಅಲ್ಲ ಎಂದು ತರಗತಿ ಶಿಕ್ಷಕಿ ತಾಳ್ಮೆಯಿಂದ ತಿಳಿಸಿದರು. ನೆಂಟರು ಕೇಳಿದಾಗ ಇವರು ಈಗಲೂ 71 ಎನ್ನುತ್ತಾರೆ.

ಆ್ಯಪ್‌ನ ನಿಜವಾದ ತೊಂದರೆ ಅದಲ್ಲ. ಮಗುವಿಗೆ ಗೊತ್ತಾಗುವ ಮೊದಲೇ ನಮಗೆ ಗೊತ್ತಾಗಿಬಿಡುತ್ತದೆ. ಒಂದು ಗುರುವಾರ ವಿಜ್ಞಾನದಲ್ಲಿ 3 ಎಂದು ಫೋನ್ ಟಿಣ್ ಎಂದಿತು. ಭಾನುವಾರದ ಹದಿನೈದು ನಿಮಿಷದ ಕರೆಯಲ್ಲಿ ಏಳು ನಿಮಿಷ ಆ ಮೂರಕ್ಕೇ ಹೋಯಿತು. ಉಳಿದ ಎಂಟು ನಿಮಿಷ ಅವಳು ‘ಹೂಂ’ ಎಂದಳು. ಅಂದೇ ರಾತ್ರಿ ಆ ಸೂಚನೆಗಳನ್ನೆಲ್ಲ ನಿಲ್ಲಿಸಿದೆ. ಈಗ ತಿಂಗಳಿಗೊಮ್ಮೆ, ನಾನೇ ಬೇಕೆಂದಾಗ ತೆರೆಯುತ್ತೇನೆ.

ಆ ಭಾನುವಾರದ ಕರೆಯ ಬಗ್ಗೆ ಹೇಳಬೇಕು. ವಾರವಿಡೀ ಮಕ್ಕಳ ಮೊಬೈಲ್‌ಗಳು ಬೀಗದ ಕಪಾಟಿನಲ್ಲಿರುತ್ತವೆ, ಭಾನುವಾರ ಸಂಜೆ ನಾಲ್ಕಕ್ಕೆ ಕೈಗೆ ಬರುತ್ತವೆ. ಓಮಾನ್‌ನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಭಾನುವಾರ ನಮಗೆ ವಾರದ ಮೊದಲ ದಿನ, ಅಲ್ಲಿಯ ನಾಲ್ಕು ಗಂಟೆ ಇಲ್ಲಿಯ ಎರಡೂವರೆ. ಲೆಕ್ಕಪತ್ರ ವಿಭಾಗದಲ್ಲಿ ನನ್ನ ಮೇಜಿನ ಎದುರಿಗೇ ಮ್ಯಾನೇಜರ್. ಹಾಗಾಗಿ ಕೆಳಗಿಳಿದು, ಬಿಸಿಲಲ್ಲಿ ನಿಂತು ಕಾದ ಕಾರಿನೊಳಗೆ ಎಸಿ ಹಾಕಿಕೊಂಡು ಕೂತು ಮಾತಾಡುತ್ತೇನೆ. ಅಲ್ಲಿ ಅವಳ ಸ್ವೆಟರಿನ ತೋಳು ಫೋನಿಗೆ ಉಜ್ಜುವ ಸದ್ದು, ಹಿಂದೆ ಮಳೆ, ಇಲ್ಲಿ ಸ್ಟೀರಿಂಗ್ ಮುಟ್ಟಿದರೆ ಕೈ ಸುಡುತ್ತದೆ.

‘ಊಟ ಆಯಿತಾ?’ ‘ಆಯಿತು.’ ‘ಏನಿತ್ತು?’ ‘ಅನ್ನ, ದಾಲ್.’ ‘ಸ್ನೇಹಿತರು?’ ‘ಇದ್ದಾರೆ.’ ಪೊಲೀಸ್ ಠಾಣೆಯ ವಿಚಾರಣೆ ಇದಕ್ಕಿಂತ ಉದ್ದ ನಡೆದೀತು. ಬಹಳ ತಿಂಗಳ ಮೇಲೆ ಉಪಾಯವೊಂದು ಹೊಳೆಯಿತು. ನಾನು ಏನನ್ನೂ ಕೇಳುವುದಿಲ್ಲ, ನಮ್ಮ ಮನೆಯ ಸುದ್ದಿಯನ್ನೇ ಹೇಳುತ್ತೇನೆ. ಕೆಳಗಿನ ಮನೆಯವರ ಬೆಕ್ಕು ನಮ್ಮ ಬಾಲ್ಕನಿಯಲ್ಲಿ ಮರಿ ಹಾಕಿದ್ದು, ಇವರು ಹುಳಿಗೆ ಎರಡು ಸಲ ಉಪ್ಪು ಹಾಕಿದ್ದು. ಹತ್ತನೆಯ ನಿಮಿಷಕ್ಕೆ ಅವಳೇ ‘ಅಮ್ಮಾ, ಇಲ್ಲೂ ಏನಾಯಿತು ಗೊತ್ತಾ’ ಎನ್ನುತ್ತಾಳೆ. ಮಾಹಿತಿಗೆ ಫೋನ್ ದಂಡ. ದನಿ ಕೇಳಿ, ನೆಗಡಿಯಾಗಿದೆಯೋ ಅತ್ತಿದ್ದಾಳೋ ಎಂದು ತಿಳಿಯಲು ಅದನ್ನು ಮೀರಿಸಿದ್ದಿಲ್ಲ.

ವಾಟ್ಸಾಪ್ ಗುಂಪಿಗೆ ಒಂದು ಪ್ಯಾರಾ ಸಾಕು. ಒಂದು ಮಗುವಿಗೆ ಮೈಮೇಲೆ ಗುಳ್ಳೆ ಎದ್ದಿತು. ಬೆಳಿಗ್ಗೆ ಹತ್ತಕ್ಕೆ ಅದು ಸಿಡುಬು, ಮಧ್ಯಾಹ್ನಕ್ಕೆ ಹಾಸ್ಟೆಲ್ ಪೂರ್ತಿ ಸಿಡುಬು, ಸಂಜೆ ಶಾಲೆ ಮುಚ್ಚುತ್ತದೆಯಂತೆ. ರಾತ್ರಿ ಎಂಟಕ್ಕೆ ಶಾಲೆಯಿಂದ ಬಂದ ಮೂರು ಸಾಲಿನ ಸಂದೇಶದಲ್ಲಿ ಅದು ಹುಳು ಕಚ್ಚಿದ್ದು ಎಂದಿತ್ತು. ಹಳೆಯ ಸಮವಸ್ತ್ರ ಕೊಳ್ಳಲು, ಮೈಸೂರಿನಿಂದ ಮೇಲೆ ಹೋಗುವ ಕಾರಿನಲ್ಲಿ ಒಂದು ಸೀಟು ಕೇಳಲು ಆ ಗುಂಪು ಬಹಳ ಒಳ್ಳೆಯದು.

ಇನ್ನು ಪತ್ರ. ಬೆಟ್ಟದ ಮೇಲಿನ ಈ ಶಾಲೆಗಳಲ್ಲಿ ಭಾನುವಾರ ಮಕ್ಕಳನ್ನು ಕೂರಿಸಿ ಮನೆಗೆ ಪತ್ರ ಬರೆಸುವುದು ಹಳೆಯ ರೂಢಿ. ಕೊಡೈಕೆನಾಲಿನ ಇಂಟರ್‌ನ್ಯಾಷನಲ್ ಶಾಲೆ 1901ರಲ್ಲಿ ಅಮೆರಿಕದ ಮಿಷನರಿಗಳ ಮಕ್ಕಳಿಗಾಗಿ ಶುರುವಾದದ್ದು. ದೇಶದಲ್ಲಿ ಮೊದಲು ಐಬಿ ಡಿಪ್ಲೊಮಾ ತಂದದ್ದೂ ಅದೇ, 1976ರಲ್ಲಿ. ಕೆಳಗೆ ಬಯಲಿನ ಊರುಗಳಲ್ಲಿದ್ದ ಆ ಕಾಲದ ತಂದೆತಾಯಿಗಳಿಗೆ ಅಂಚೆ ಬಿಟ್ಟರೆ ಬೇರೆ ದಾರಿ ಎಲ್ಲಿತ್ತು? ಆ ರೂಢಿ ನಮ್ಮ ಶಾಲೆಯಲ್ಲೂ ಉಳಿದಿದೆ. ಆದರೆ ನಮಗೆ ಬಂದ ಇಂಗ್ಲಿಷ್ ಪತ್ರಗಳು ನಾಲ್ಕೇ ಸಾಲು: ನಾನು ಕ್ಷೇಮ, ಹವೆ ತಂಪಾಗಿದೆ, ಓದು ಚೆನ್ನಾಗಿ ಸಾಗಿದೆ, ಪ್ರೀತಿಯಿಂದ. ಮಸ್ಕತ್‌ನಲ್ಲಿ ಮನೆಬಾಗಿಲಿಗೆ ಅಂಚೆಯವನು ಬರುವುದಿಲ್ಲ, ಅಂಚೆಪೆಟ್ಟಿಗೆಗೆ ಹೋಗಬೇಕು. ‘ಜ್ವರ ಬಂದಿದೆ, ಮಲಗಿದ್ದೇನೆ’ ಎಂಬ ಪತ್ರ ಹದಿನಾರನೆಯ ದಿನ ಕೈಗೆ ಸಿಕ್ಕಿತು. ಶಾಲೆಯ ನರ್ಸ್ ಅಂದೇ ಫೋನ್ ಮಾಡಿ ತಿಳಿಸಿದ್ದರು, ಅವಳು ಎದ್ದು ಬ್ಯಾಸ್ಕೆಟ್‌ಬಾಲ್ ಆಡಿಯೂ ಆಗಿತ್ತು. ಆದರೂ ಪತ್ರ ಓದಿ ಮತ್ತೊಮ್ಮೆ ಎದೆ ಧಸಕ್ಕೆಂದಿತು.

ಸಾಗರದ ಅಜ್ಜಿ ನಡುವೆ ಬಂದ ಮೇಲೆ ಪತ್ರದ ಬಣ್ಣವೇ ಬದಲಾಯಿತು. ‘ನಿಮ್ಮ ಫೋನು ಗೀನು ನನಗೆ ಬೇಡ, ಪುಟ್ಟಿ ನನಗೂ ಒಂದು ಕಾಗದ ಹಾಕಲಿ’ ಎಂದು ಅಮ್ಮ ಹಟ ಹಿಡಿದರು. ಎರಡೂವರೆ ರೂಪಾಯಿಯ ನೀಲಿ ಇನ್‌ಲ್ಯಾಂಡ್, ಕನ್ನಡದಲ್ಲಿ, ಒತ್ತಕ್ಷರಗಳೆಲ್ಲ ಅಡ್ಡಾದಿಡ್ಡಿ. ಅವಳ ಕನ್ನಡವನ್ನು ತಿದ್ದುವವರು ಅಲ್ಲಿ ಯಾರೂ ಇಲ್ಲ, ಹಾಗಾಗಿ ಅವಳು ಮನಸ್ಸಿಗೆ ಬಂದದ್ದನ್ನು ಬರೆದಳು. ಶುಕ್ರವಾರ ಅಮ್ಮ ಅದನ್ನು ಫೋನಿನಲ್ಲಿ ನನಗೆ ಓದಿ ಹೇಳುತ್ತಿದ್ದರು:

‘ಅಜ್ಜಿ, ಮಿಡಿ ಉಪ್ಪಿನಕಾಯಿ ಮುಗಿಯಿತು. ನಾನೊಬ್ಬಳೇ ತಿಂದದ್ದಲ್ಲ. ನನ್ನ ಪಕ್ಕದ ಮಂಚದವಳು ಭೂತಾನಿನವಳು. ಅವರ ಮನೆಯಲ್ಲಿ ಮೆಣಸಿನಕಾಯಿಯೇ ಪಲ್ಯವಂತೆ. ಅವಳು ಉಪ್ಪಿನಕಾಯಿಯ ರಸವನ್ನು ಬ್ರೆಡ್ಡಿಗೆ ಸವರಿಕೊಂಡು ತಿನ್ನುತ್ತಾಳೆ, ಓಟೆಯನ್ನೂ ಬಿಡುವುದಿಲ್ಲ. ನಾವಿಬ್ಬರೂ ಊಟಕ್ಕೆ ಒಟ್ಟಿಗೇ ಹೋಗುತ್ತೇವೆ.’

ಅದೇ ತಿಂಗಳು ಆ್ಯಪ್‌ನಲ್ಲಿ ಇವಳ ‘ಸಹಕಾರ ಕೌಶಲ’ದ ಎದುರು ‘ಇನ್ನೂ ಬೆಳೆಯಬೇಕು’ ಎಂದಿತ್ತು. ನಾನು ಉಪ್ಪಿನಕಾಯಿಯನ್ನು ನಂಬಿದೆ.

ಕಳೆದ ಡಿಸೆಂಬರ್ ರಜೆಯಲ್ಲಿ ಸಾಗರಕ್ಕೆ ಹೋದಾಗ ಅಮ್ಮನ ಕಬ್ಬಿಣದ ಪೆಟ್ಟಿಗೆಯಲ್ಲಿ ಆ ನೀಲಿ ಪತ್ರಗಳ ಕಟ್ಟು ಸಿಕ್ಕಿತು. ಒಂದರಲ್ಲಿ ಎಣ್ಣೆಯ ಬೆರಳಚ್ಚು ಹಾಗೆಯೇ ಇತ್ತು. ಓದುತ್ತ ಹೋದಂತೆ ನಾನು ಕೇಳಿಸಿಕೊಳ್ಳದ ಸಾಲುಗಳು ಕಂಡವು. ‘ಅಮ್ಮನಿಗೆ ಹೇಳಬೇಡ. ಮೊನ್ನೆ ರಾತ್ರಿ ಅತ್ತೆ. ಹಾಸ್ಟೆಲ್ ಆಂಟಿ ಬಿಸಿ ಹಾಲು ಕೊಟ್ಟು ಪಕ್ಕದಲ್ಲೇ ಕೂತಿದ್ದರು.’ ಅಮ್ಮ ಓದಿ ಹೇಳುವಾಗ ಅಲ್ಲಿಗೆ ಬಂದು ಕೆಮ್ಮಿ, ಮುಂದಿನ ಸಾಲಿಗೆ ಹಾರಿದ್ದರು! ಜಗಳವಾಡಬೇಕೆಂದು ಅಡುಗೆಮನೆಗೆ ಹೋದೆ. ‘ನಿನಗೆ ಹೇಳಿದ್ದರೆ ನೀನು ಶಾಲೆಗೆ ಫೋನ್ ಮಾಡುತ್ತಿದ್ದೆ. ಆಮೇಲೆ ಅವಳು ನನಗೂ ಬರೆಯುತ್ತಿರಲಿಲ್ಲ’ ಎಂದು ಅಮ್ಮ ದೋಸೆ ಮಗುಚಿದರು. ಹಿಟ್ಟು ಹುಳಿಯಾಗಿತ್ತು, ನಾನು ಸುಮ್ಮನೆ ಎರಡು ತಿಂದೆ.

ಕಟ್ಟನ್ನು ಇದ್ದ ಹಾಗೆಯೇ ದಾರ ಸುತ್ತಿ ಒಳಗಿಟ್ಟೆ. ಜನವರಿಯಲ್ಲಿ ಅವಳನ್ನು ಬಿಡಲು ಬೆಟ್ಟ ಹತ್ತುವ ಮುಂಚೆ ಅಂಚೆ ಕಚೇರಿಯಲ್ಲಿ ಇಪ್ಪತ್ತು ಇನ್‌ಲ್ಯಾಂಡ್ ಕೊಂಡು, ಎಲ್ಲದರ ಮೇಲೂ ಸಾಗರದ ವಿಳಾಸ ನಾನೇ ಬರೆದೆ. ಉಪ್ಪಿನಕಾಯಿ ಈ ಸಲ ಎರಡು ಭರಣಿ.