ಹಳೇ ಲ್ಯೂಕಾಸ್ ಹಾರ್ನ್ ರಿಪೇರಿಗೆ ಕಳ್ಸಿದ್ದೆ: ಸದ್ದು ಬಂತು, ನಂಬರ್ ಹೋಯ್ತು

ಮೊದ್ಲೇ ಹೇಳ್ಬಿಡ್ತೀನಿ, ಕೆಲ್ಸ ಚೆನ್ನಾಗಿ ಮಾಡ್ಕೊಟ್ಟಿದಾರೆ, ಪೇಂಟ್ ವಿಷ್ಯದಲ್ಲಿ ಮಾತ್ರ ಇನ್ನೂ ಹೊಟ್ಟೆ ಉರೀತಿದೆ. ಐದಕ್ಕೆ ನಾಲ್ಕು.

ಗಾಡಿ 1956ರ ಮಾರಿಸ್ ಮೈನರ್, ಇಂಗ್ಲೆಂಡಿನ ಪುಟ್ಟ ಕಾರು. ಹಾರ್ನ್ ಗಾಡಿ ಜೊತೆಗೇ ಬಂದಿದ್ದು, ಲ್ಯೂಕಾಸ್ ಅನ್ನೋ ಬ್ರಿಟಿಷ್ ಎಲೆಕ್ಟ್ರಿಕ್ ಸಾಮಾನಿನ ಕಂಪ್ನೀದು, ತಟ್ಟೆ ಥರ ಇರುತ್ತಲ್ಲ ಆ ಹೈ ಫ್ರೀಕ್ವೆನ್ಸಿ ಟೈಪು. ಸುಮಾರು ದಿನದಿಂದ ಗಂಟಲು ಕಟ್ಟಿದೋರ ಹಾಗೆ ಗೊರ ಗೊರ ಅಂತಿತ್ತು, ಒಂದಿನ ಬಟನ್ ಒತ್ತಿದ್ರೆ ಬರೀ ಟಿಕ್. ಆಗ್ಲೇ ಕಳಿಸಿದ್ರೆ ಆಗೋದು, ಸುಮ್ನಿರಲಾರ್ದೆ ಇರುವೆ ಬಿಟ್ಕೊಂಡೆ, ಸ್ಕ್ರೂಡ್ರೈವರ್ ತಗೊಂಡು ನಡುಮಧ್ಯದಲ್ಲಿರೋ ಗೀರು ಬಿದ್ದ ಸ್ಕ್ರೂನೇ ಅಡ್ಜಸ್ಟ್‌ಮೆಂಟ್ ಅನ್ಕೊಂಡು ತಿರುಗಿಸ್ಬಿಟ್ಟೆ. ಅದನ್ನ ಮುಟ್ಲೇಬಾರ್ದಂತೆ. ಅದು ಕಾಂತದ ಕೋರ್, ಲಾಕ್‌ನಟ್ ಹಾಕಿ ಫ್ಯಾಕ್ಟ್ರಿಯಲ್ಲೇ ಕೂರಿಸಿರ್ತಾರೆ. ನಿಜವಾದ ಅಡ್ಜಸ್ಟ್‌ಮೆಂಟು ಟರ್ಮಿನಲ್ ಪಕ್ಕದಲ್ಲಿ ಅಂಚಿಗೆ ಹಲ್ಲು ಹಲ್ಲಾಗಿರೋ ಚಿಕ್ಕ ಸ್ಕ್ರೂ. ನನ್ ಕೈಚಳಕದ ಮೇಲೆ ಟಿಕ್ ಕೂಡ ನಿಂತೋಯ್ತು.

ಹೊಸದು ಹಾಕ್ಕೋ ಅಂತ ಎಲ್ರೂ ಹೇಳಿದ್ರು. ಹಾಕ್ಬೋದಿತ್ತು, ಆದ್ರೆ ಆ ಮುಖದ ಗಾಡಿಯಿಂದ ಈಗಿನ ಸ್ಕೂಟರ್ ಸದ್ದು ಬಂದ್ರೆ ಅಜ್ಜ ಬಾಯಿ ತೆಗೆದ್ರೆ ಮಗು ದನಿ ಬಂದ ಹಾಗಿರುತ್ತೆ, ನಂಗೆ ಆಗಲ್ಲ.

ಹಂಗಾಗಿ ಹಳೇ ಹಾರ್ನ್ ಮಾತ್ರ ರಿಪೇರಿ ಮಾಡೋ ಒಬ್ರ ಹತ್ರ ಕಳ್ಸಿದೆ. ಹೆಸ್ರು ಬೇಡ, ಮುಂದೆ ಬೈಗುಳ ಬೇರೆ ಇದೆ. ಕಳ್ಸೋಕೆ ಮುಂಚೆ ಫೋನಲ್ಲಿ ಅವ್ರು ಕೇಳಿದ ಮೊದಲ್ನೇ ಪ್ರಶ್ನೆನೇ ನಂಗೆ ಹಿಡಿಸಿದ್ದು: ಬಟನ್ ಒತ್ತಿದಾಗ ಹಾರ್ನ್ ಟರ್ಮಿನಲ್ ಮಧ್ಯೆ ಎಷ್ಟು ವೋಲ್ಟ್ ಬರ್ತಿದೆ ನೋಡಿದ್ರಾ ಅಂತ. ನೋಡಿರ್ಲಿಲ್ಲ. ಮೀಟರ್ ಇಟ್ರೆ ಬ್ಯಾಟರಿ ಹತ್ರ 12.4, ಹಾರ್ನ್ ಹತ್ರ 9 ಕೂಡ ಇಲ್ಲ! ಈ ಗಾಡೀಲಿ ಹಾರ್ನ್‌ಗೆ ಒಂದ್ ಕಡೆ ಕರೆಂಟ್ ಯಾವಾಗ್ಲೂ ಇರುತ್ತೆ, ಬಟನ್ ಒತ್ತಿದಾಗ ಇನ್ನೊಂದ್ ಕಡೆಗೆ ಅರ್ಥ್ (ಗಾಡಿ ಬಾಡಿ ಮೂಲಕ ಕರೆಂಟ್ ಸುತ್ತು ಮುಗಿಸೋ ದಾರಿ) ಸಿಗುತ್ತೆ ಅಷ್ಟೇ, ಆ ಅರ್ಥ್ ದಾರಿ ಸ್ಟೀರಿಂಗ್ ಒಳಗಿನ ಕಾಂಟ್ಯಾಕ್ಟ್ ಮೇಲೆ ಹೋಗ್ಬೇಕು, ಅಲ್ಲಿ ಹಳೇ ಗ್ರೀಸ್ ಕಪ್ಪಗೆ ಟಾರ್ ಥರ ಕೂತಿತ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳ್ದೆ ನೋಡಿ. ಅದನ್ನ ಒರೆಸಿ, ಸಣ್ಣ ಮರಳು ಕಾಗದದಲ್ಲಿ ಉಜ್ಜಿದ ಮೇಲೆ 12ರ ಹತ್ರ ಬಂತು. ಆದ್ರೆ ಅಷ್ಟ್ರಲ್ಲಿ ಹಾರ್ನ್ ಕೆಡಿಸಿಟ್ಟಿದ್ನಲ್ಲ, ಕಳಿಸ್ಲೇಬೇಕಾಯ್ತು.

ಬಿಚ್ಚಿದಾಗಿನ ಫೋಟೋ ಎಲ್ಲಾ ಕಳ್ಸಿದ್ರು. ಇದು ಹಳೇ ಕಾಲದ ಕ್ಲಾಕ್ಸನ್ ಹಾರ್ನ್ ಥರ ಅಲ್ಲ, ಅದ್ರಲ್ಲಿ ಮೋಟಾರು ಹಲ್ಲಿನ ಚಕ್ರ ತಿರುಗಿಸಿ ಡಯಾಫ್ರಂ (ಅದುರಿ ಸದ್ದು ಮಾಡೋ ತೆಳು ಲೋಹದ ತಟ್ಟೆ) ಮೇಲಿನ ಪುಟ್ಟ ಉಬ್ಬಿಗೆ ಹೊಡೆಸುತ್ತೆ, ಅದಕ್ಕೇ ಆ ಆವೂಊಗಾ ಸದ್ದು. ಇದ್ರಲ್ಲಿ ಮೋಟಾರ್ ಇಲ್ಲ. ಕಾಯಿಲ್‌ಗೆ ಕರೆಂಟ್ ಬಂದ್ರೆ ಕಾಂತ ಡಯಾಫ್ರಂನ ಎಳ್ಕೊಳ್ಳುತ್ತೆ, ಎಳ್ಕೊಂಡಾಗ ಪಾಯಿಂಟ್ (ಒಂದಕ್ಕೊಂದು ತಾಗಿ ಕರೆಂಟ್ ಹರಿಸೋ ಎರಡು ಲೋಹದ ತುದಿ) ಬಿಟ್ಕೊಳ್ಳುತ್ತೆ, ಕರೆಂಟ್ ಹೋಗುತ್ತೆ, ಡಯಾಫ್ರಂ ವಾಪಸ್ ಬರುತ್ತೆ, ಮತ್ತೆ ಪಾಯಿಂಟ್ ಕೂಡುತ್ತೆ, ಇದೇ ಸೆಕೆಂಡಿಗೆ ನೂರಾರು ಸಲ. ನನ್ನದ್ರಲ್ಲಿ ಪಾಯಿಂಟ್ ಒಂದ್ ಕಡೆ ಗುಳಿ, ಇನ್ನೊಂದ್ ಕಡೆ ಗುಡ್ಡ, ಎರಡೂ ಕಚ್ಕೊಂಡು ಬಿಡ್ತಾನೇ ಇರ್ಲಿಲ್ಲ. ಅದಕ್ಕೇ ಒಂದೇ ಟಿಕ್, ಸದ್ದಿಲ್ದೆ ಹತ್ತು ಆಂಪ್ ಮೇಲೆ ಎಳೀತಿತ್ತಂತೆ. ಇನ್ನೊಂದ್ಸಲ್ಪ ಹೊತ್ತು ಒತ್ತಿ ಹಿಡ್ದಿದ್ರೆ ಕಾಯಿಲ್ ಸುಟ್ಟು ಕರಕಲಾಗೋದು.

ರಿವೆಟ್ ಕೊರೆದು ತೆಗೆದು, ಪಾಯಿಂಟ್ ಸಮ ಮಾಡಿ, ಹಳೇ ಗ್ಯಾಸ್ಕೆಟ್ ದಪ್ಪ ಅಳೆದು ಅಷ್ಟೇ ದಪ್ಪದ್ದು ಕತ್ತರಿಸಿ ಹಾಕಿದಾರೆ. ಗ್ಯಾಸ್ಕೆಟ್‌ಗೆ ಇಷ್ಟೊಂದು ಯಾಕೆ ಅಂದ್ರೆ ಡಯಾಫ್ರಂಗೂ ಕಾಂತಕ್ಕೂ ನಡುವಿನ ಗ್ಯಾಪ್ ನಿಂತಿರೋದೇ ಆ ಕಾಗದದ ಮೇಲೆ. ರಿವೆಟ್ ಜಾಗಕ್ಕೆ ಪುಟ್ಟ ಸ್ಕ್ರೂ ನಟ್ಟು ಬಂದಿದೆ, ಹತ್ರ ಹೋಗಿ ನೋಡಿದ್ರೆ ಗೊತ್ತಾಗುತ್ತೆ, ಪರವಾಗಿಲ್ಲ, ಮುಂದಿನ್ಸಲ ಬಿಚ್ಚೋಕೆ ಸುಲಭ. ಆಮೇಲೆ ಸದ್ದು ನಿಲ್ಲೋ ತನಕ ಆ ಹಲ್ಲಿನ ಸ್ಕ್ರೂ ತಿರುಗಿಸಿ ಅಲ್ಲಿಂದ ಕಾಲು ಸುತ್ತು ವಾಪಸ್, ಇದೇ ಸೆಟ್ಟಿಂಗು. ಟೆಸ್ಟ್ ವಿಡಿಯೋದಲ್ಲಿ ಮೀಟರ್ ನಾಲ್ಕು ಆಂಪ್ ಒಳಗೇ ಇತ್ತು. ನಮ್ದು ಪಾಸಿಟಿವ್ ಅರ್ಥ್ ಗಾಡಿ, ಅಂದ್ರೆ ಬ್ಯಾಟರಿ ಪ್ಲಸ್ಸು ಬಾಡಿಗೆ ಸೇರಿರೋದು, ವೈರ್ ಉಲ್ಟಾ ಆದ್ರೆ ಅಂತ ಕೇಳಿದ್ದಕ್ಕೆ ನಕ್ಬಿಟ್ರು, ಕಾಂತ ತಾನೇ, ಹೆಂಗ್ ಕೊಟ್ರೂ ಎಳೆಯುತ್ತೆ ಅಂತ.

ಹಳೇ ಡಬ್ಬಿಯೊಳಗೆ ಅಗ್ಗದ ಹೊಸ ಹಾರ್ನ್ ತುರುಕಿ ರಿಪೇರಿ ಅಂತ ಕೊಡೋರೂ ಇರ್ತಾರೆ, ನಂಗೂ ಆ ಡೌಟ್ ಇತ್ತು. ಇವ್ರು ತೆಗೆದ ರಿವೆಟ್ಟು, ಹರಿದ ಗ್ಯಾಸ್ಕೆಟ್ಟು ಎಲ್ಲಾ ಕವರಲ್ಲಿ ಹಾಕಿ ವಾಪಸ್ ಕಳ್ಸಿದಾರೆ. ಗಾಡಿಗೆ ಹಾಕಿ ಒತ್ತಿದ್ರೆ ಅದೇ ಹಳೇ ಪಾಂ, ಸ್ವಲ್ಪ ಮೂಗಲ್ಲಿ, ಸ್ವಲ್ಪ ಸಿಡುಕು.

ಈಗ ಪೇಂಟ್. ನಾನು ಕೇಳಿರ್ಲಿಲ್ಲ, ಅವ್ರೇ ಖುಷಿಗೆ ಬ್ಲಾಸ್ಟ್ ಮಾಡಿ (ಮರಳಿನಂಥ ಪುಡಿ ರಭಸವಾಗಿ ಹೊಡೆದು ಹಳೇ ಬಣ್ಣ ತೆಗೆದು) ಮಿರಿ ಮಿರಿ ಕಪ್ಪು ಬಣ್ಣ ದಪ್ಪಗೆ ಬಳಿದಿದಾರೆ. ಲ್ಯೂಕಾಸ್ ಸಾಮಾನಿನ ಮೇಲೆ ತಯಾರಾದ ತಿಂಗ್ಳು ವರ್ಷ ಒತ್ತಿರ್ತಾರೆ, ನನ್ನದ್ರಲ್ಲಿ 3 56 ಅಂತ ಇತ್ತು, ಗಾಡಿ ಜೊತೆಗೇ ಹುಟ್ಟಿದ್ದು ಅನ್ನೋಕೆ ಅದೊಂದೇ ಸಾಕ್ಷಿ. ಈಗ ಬೆರಳಾಡಿಸಿದ್ರೆ 5ರ ಹೊಟ್ಟೆ ಮಾತ್ರ ಸಿಗುತ್ತೆ, ಮಿಕ್ಕಿದ್ದು ಬಣ್ಣದಲ್ಲಿ ಮುಳುಗೋಗಿದೆ. ಫೋನ್ ಮಾಡಿದ್ರೆ ಎಲ್ರೂ ಹೊಳೆಯೋದೇ ಕೇಳ್ತಾರಲ್ಲ ಅಂದ್ರು. ಕೇಳ್ದೋರಿಗೆ ಹಾಕಿ ಸ್ವಾಮಿ.

ಜೋಡಿ ಹಾರ್ನ್ ಹಾಕ್ಬೇಕು ಅಂತ ಎತ್ತಿಟ್ಟಿರೋ ಇನ್ನೊಂದು ಹಳೇದು ಇದೆ, ಅದನ್ನೂ ಇವ್ರಿಗೇ ಕಳಿಸ್ತೀನಿ. ಈ ಸಲ ನಂಬರ್ ಮೇಲೆ ಟೇಪ್ ಅಂಟಿಸಿ, ಟೇಪ್ ಮೇಲೆ ದೊಡ್ಡದಾಗಿ ಪೇಂಟ್ ಬೇಡ ಅಂತ ಬರ್ದೇ ಡಬ್ಬಿಗೆ ಹಾಕೋದು.