ಟಿಪ್ಪು ಕಾಲದ ಆನೆ ಕಾಸು: ಹುಣಸೆಹಣ್ಣೋ, ಡಿಸ್ಟಿಲ್ಡ್ ವಾಟರೋ?

ಕಿಲುಬು ಹಿಡಿದ ಆನೆ ಕಾಸು, ಅಂದರೆ ಆನೆ ಚಿತ್ರವಿರುವ ಟಿಪ್ಪು ಕಾಲದ ತಾಮ್ರದ ನಾಣ್ಯ, ಕೈಗೆ ಬಂದರೆ ಮೊದಲು ನೆನಪಾಗುವುದು ಹುಣಸೆಹಣ್ಣು, ಅಲ್ವಾ? ಐದೇ ನಿಮಿಷದಲ್ಲಿ ಪೂಜೆ ಚೊಂಬಿನ ಹಾಗೆ ಥಳಥಳ. ಆದರೆ ಹುಳಿಯು ಕಿಲುಬಿನ ಜೊತೆ 200 ವರ್ಷದ ಕಂದು ಪದರವನ್ನೂ ತಿನ್ನುತ್ತದೆ. ಅದು ಹೋದರೆ ಮತ್ತೆ ಬರುವುದಿಲ್ಲ. ಸೊಂಡಿಲಿನ ಸಣ್ಣ ಗೆರೆಯೂ ಮಾಸುತ್ತದೆ.

ಡಿಸ್ಟಿಲ್ಡ್ ವಾಟರ್ ನಿಧಾನ, ನಿಜ. ವಾರಗಟ್ಟಲೆ ನೆನೆಸಬೇಕು, ನೀರು ಬದಲಿಸುತ್ತಿರಬೇಕು. ಮೆತ್ತಗಾದ ಮಣ್ಣನ್ನು ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಬಿಡಿಸಿ, ಪೂರ್ತಿ ಒಣಗಿಸಿ. ನನ್ನ ಆಯ್ಕೆ ಇದೇ. ಆಲಿವ್ ಎಣ್ಣೆಯಲ್ಲಿ ನೆನೆಸಿದರೆ ತಿಂಗಳುಗಟ್ಟಲೆ ಬೇಕು, ಬಣ್ಣವೂ ಕಪ್ಪಾಗಬಹುದು.

ನುಣುಪಾದ ಗಟ್ಟಿ ಹಸಿರನ್ನು ಸುಮ್ನೆ ಬಿಡಿ. ಮುಟ್ಟಿದರೆ ಉದುರುವ ತಿಳಿಹಸಿರು ಪುಡಿಯೇ ಅಪಾಯ. ಅದು ಕ್ಲೋರೈಡ್ ಎಂಬ ಉಪ್ಪಿನಂಶದ ಕೆಲಸ, ತೇವ ಸಿಕ್ಕರೆ ಕೊರೆಯುತ್ತಲೇ ಹೋಗುತ್ತದೆ. ಅಂಥದ್ದನ್ನು ತೇವ ಹೀರುವ ಸಿಲಿಕಾ ಜೆಲ್ ಜೊತೆ ಬೇರೆ ಡಬ್ಬಿಯಲ್ಲಿಡಿ. ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡವೇ ಬೇಡ.