ಚಾರ್ಟರ್ ಶಾಲೆಯ ಪ್ಲಾನ್ ಬರೆದುಕೊಡ್ತೀವಿ ಅಂತ ಬರೋರ ಬಗ್ಗೆ ಹುಷಾರು

ಅಮೆರಿಕದಲ್ಲಿ ಮಕ್ಕಳನ್ನು ಚಾರ್ಟರ್ ಶಾಲೆಗೆ ಸೇರಿಸಿ, ಆಮೇಲೆ "ನಿಮಗೆ ಲೆಕ್ಕಪತ್ರ ಗೊತ್ತಲ್ವಾ, ಬೋರ್ಡ್‌ಗೆ ಬನ್ನಿ" ಎಂದು ಕರೆಸಿಕೊಂಡ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನೂ ಹಾಗೇ ಸೇರಿದವಳು. ಕ್ಯಾಲಿಫೋರ್ನಿಯಾದ ಒಂದು ಸಣ್ಣ ಶಾಲೆ, ಖಜಾಂಚಿ ಕೆಲಸ. ನಾನು ಬರುವ ಹೊತ್ತಿಗೆ ಒಬ್ಬ ಕನ್ಸಲ್ಟೆಂಟ್ ಜೊತೆ ಕರಾರಿಗೆ ಸಹಿ ಆಗಿಹೋಗಿತ್ತು, ಅರ್ಧ ದುಡ್ಡೂ ಕೈ ಬಿಟ್ಟಿತ್ತು. ಅದು ಇವತ್ತಿಗೂ ವಾಪಸ್ ಬಂದಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಚಾರ್ಟರ್ ಶಾಲೆ ಅಂದರೆ ಸರ್ಕಾರಿ ದುಡ್ಡಿನಲ್ಲಿ ನಡೆಯುವ, ಆದರೆ ತನ್ನದೇ ಬೋರ್ಡ್ ಇರುವ ಶಾಲೆ. ನಮ್ಮ ಕಡೆಯ ಅನುದಾನಿತ ಶಾಲೆಯನ್ನು ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಹಾಗೆ. ಫೀಸ್ ಮಾತ್ರ ತಗೊಳ್ಳೋ ಹಾಗಿಲ್ಲ, ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಲಾಟರಿ ಎತ್ತಬೇಕು. ಖರ್ಚಿನ ಬಹುಪಾಲು ರಾಜ್ಯದಿಂದ ಬರುತ್ತದೆ. ಅದರ ಮೇಲೆ ಬಡ ಮಕ್ಕಳಿರುವ ಶಾಲೆಗಳಿಗೆ ಫೆಡರಲ್ ಸರ್ಕಾರದ ಟೈಟಲ್ ಒನ್ ದುಡ್ಡು ಇದೆ, 1965ರಿಂದ ನಡೆದು ಬಂದಿರೋದು. ಅದು ಬೇಕಾದರೆ ಪ್ಲಾನ್ ಬರೆಯಬೇಕು. ಕ್ಯಾಲಿಫೋರ್ನಿಯಾದಲ್ಲಿ ಎಲ್‌ಕ್ಯಾಪ್ ಅನ್ನೋದು ಮುಖ್ಯ ಪ್ಲಾನ್, ಶಾಲೆಯ ಗುರಿಗಳೇನು, ಅದಕ್ಕೆ ಎಷ್ಟು ಖರ್ಚು ಅಂತ ಬರೆಯೋದು. ಅದರ ಜೊತೆಗೆ ಫೆಡರಲ್ ಅಡೆಂಡಮ್ ಅನ್ನೋ ಅನುಬಂಧ, ಫೆಡರಲ್ ದುಡ್ಡು ಕೇಳುವ ಕನ್ಸಾಲಿಡೇಟೆಡ್ ಅಪ್ಲಿಕೇಶನ್, ಆಮೇಲೆ ಫೆಬ್ರವರಿ 1ಕ್ಕೆ ಸಾರ್ಕ್ ಅನ್ನೋ ಶಾಲೆಯ ವಾರ್ಷಿಕ ವರದಿ. ಸಣ್ಣ ಶಾಲೆಯ ಆಫೀಸ್‌ನಲ್ಲಿ ಇರೋದೇ ಇಬ್ಬರು. ಅದಕ್ಕೇ "ಎಲ್ಲಾ ನಾವೇ ಮಾಡಿಕೊಡ್ತೀವಿ" ಅನ್ನೋರಿಗೆ ಇಲ್ಲಿ ಒಳ್ಳೇ ವ್ಯಾಪಾರ.

ಎಲ್‌ಕ್ಯಾಪ್ ಜುಲೈ 1ರೊಳಗೆ ಹೋಗಬೇಕು. ನಮ್ಮ ಕನ್ಸಲ್ಟೆಂಟ್ ಡ್ರಾಫ್ಟ್ ಕಳಿಸಿದ್ದು ಜೂನ್‌ನಲ್ಲಿ, ಅದೂ ಸಾರ್ವಜನಿಕ ಸಭೆಗೆ ನೋಟಿಸ್ ಹಾಕಿದ ಮೇಲೆ. ನೋಡೋಕೆ ಚೆಂದವಾಗಿತ್ತು. ಬಣ್ಣದ ಟೇಬಲ್‌ಗಳು, ಮೂರು ಗುರಿಗಳು, ಪ್ರತಿ ಗುರಿಗೂ ಡಾಲರ್ ಲೆಕ್ಕ. ಓದ್ತಾ ಹೋದರೆ, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳ ಭಾಗದಲ್ಲಿ "ಸ್ಪ್ಯಾನಿಷ್ ಮಾತಾಡುವ ಕುಟುಂಬಗಳಿಗೆ ಪ್ರತಿ ತಿಂಗಳು ಕಾಫಿ ಸಭೆ ನಡೆಸಿದ್ದೇವೆ" ಅಂತ ಇತ್ತು. ನಮ್ಮ ಶಾಲೆಯಲ್ಲಿ ಪಂಜಾಬಿ ಮನೆಗಳೇ ಜಾಸ್ತಿ. ಕಾಫಿ ಸಭೆ ಅಂತ ಒಂದೂ ನಡೆದಿಲ್ಲ. ಆ ವಾಕ್ಯವನ್ನು ಹಾಗೇ ಕಾಪಿ ಮಾಡಿ ಗೂಗಲ್‌ಗೆ ಹಾಕಿದೆ. ಇನ್ನೊಂದು ಚಾರ್ಟರ್ ಶಾಲೆಯ ಎಲ್‌ಕ್ಯಾಪ್ ತೆರೆದುಕೊಂಡಿತು. ಅಕ್ಷರ ಅಕ್ಷರವೂ ಅದೇ. ಈ ಪ್ಲಾನ್‌ಗಳನ್ನು ಶಾಲೆಗಳು ತಮ್ಮ ವೆಬ್‌ಸೈಟ್‌ನಲ್ಲಿ ಹಾಕಲೇಬೇಕು, ಹಾಗಾಗಿ ಕದಿಯೋದೂ ಸುಲಭ, ಕಳ್ಳತನ ಹಿಡಿಯೋದೂ ಸುಲಭ.

ಕಾಪಿ ಹೊಡೆದಿದ್ದು ಹೋಗಲಿ ಅನ್ನಬಹುದಿತ್ತು. ಜೊತೆಗಿದ್ದ ಫೋಲ್ಡರ್‌ನಲ್ಲಿ ಪೋಷಕರ ಸಭೆಯ ನಡಾವಳಿ ಅಂತ ಒಂದು ಫೈಲ್. ತಾರೀಖಿನ ಜಾಗ ಖಾಲಿ, ಚರ್ಚೆ ಮಾತ್ರ ಪೂರ್ತಿ ಬರೆದಿದೆ! ಪೋಷಕರು ಏನು ಕೇಳಿದರು, ಪ್ರಿನ್ಸಿಪಾಲ್ ಏನು ಹೇಳಿದರು, ಎಲ್ಲವೂ. ತಾರೀಖು ತುಂಬಿ ಅಪ್‌ಲೋಡ್ ಮಾಡಿ ಅಂತ ಸೂಚನೆ ಬೇರೆ. ಟೈಟಲ್ ಒನ್ ಶಾಲೆ ಪೋಷಕರನ್ನು ನಿಜವಾಗಿ ಕೂರಿಸಿ ಕೇಳಬೇಕು, ಅದು ಕಾನೂನು. ರಾಜ್ಯದವರು ಮಾನಿಟರಿಂಗ್‌ಗೆ ನಿಮ್ಮನ್ನು ಆರಿಸಿದರೆ ಮೊದಲು ಕೇಳುವ ದಾಖಲೆಗಳಲ್ಲಿ ಇದೂ ಒಂದು. ಗೊತ್ತಿದ್ದೂ ಸುಳ್ಳು ದಾಖಲೆ ಕೊಟ್ಟು ಫೆಡರಲ್ ದುಡ್ಡು ತಗೊಂಡರೆ ಫಾಲ್ಸ್ ಕ್ಲೇಮ್ಸ್ ಆ್ಯಕ್ಟ್ ಪ್ರಕಾರ ನಷ್ಟದ ಮೂರು ಪಟ್ಟು ವಸೂಲಿ, ಮೇಲೆ ದಂಡ. ಸಹಿ ಇರೋದು ಶಾಲೆಯವರದ್ದು. ಕನ್ಸಲ್ಟೆಂಟ್ ಹೆಸರು ಎಲ್ಲೂ ಇಲ್ಲ.

ಅಂಕಿಗಳ ಕಥೆ ಇನ್ನೊಂದು. ಬಡ ಮಕ್ಕಳು ಶೇಕಡಾ 40 ಮುಟ್ಟಿದರೆ ಟೈಟಲ್ ಒನ್ ದುಡ್ಡನ್ನು ಇಡೀ ಶಾಲೆಯ ಸುಧಾರಣೆಗೆ ಬಳಸಬಹುದು. ಇಲ್ಲದಿದ್ದರೆ, ಬೇರೆ ವಿನಾಯಿತಿ ಸಿಗದ ಹೊರತು, ಕಲಿಕೆಯಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ಅವರಿಗೇ ಖರ್ಚು ಮಾಡಬೇಕು. ನಮ್ಮದು ಆ ಗೆರೆಯ ಹತ್ತಿರವೇ ಆಡುವ ಶಾಲೆ. 2022ರಿಂದ ಕ್ಯಾಲಿಫೋರ್ನಿಯಾದಲ್ಲಿ ಎಲ್ಲಾ ಮಕ್ಕಳಿಗೂ ಊಟ ಉಚಿತ ಆದ್ದರಿಂದ ಬಡ ಮಕ್ಕಳ ಲೆಕ್ಕ ಸಿಗುತ್ತಿದ್ದ ಊಟದ ಫಾರ್ಮ್ ತುಂಬೋಕೆ ಪೋಷಕರಿಗೆ ಕಾರಣವೇ ಇಲ್ಲ. ಆದಾಯದ ಫಾರ್ಮ್ ಬೇರೆಯಾಗಿ ಹಂಚಿ, ಹಿಂದೆ ಬಿದ್ದು ವಾಪಸ್ ತರಿಸಿಕೊಂಡು, ಕ್ಯಾಲ್‌ಪ್ಯಾಡ್ಸ್ ಅನ್ನೋ ರಾಜ್ಯದ ವಿದ್ಯಾರ್ಥಿ ಡೇಟಾ ವ್ಯವಸ್ಥೆಯಲ್ಲಿ ಸರಿಯಾಗಿ ಹಾಕಿದರೇ ಲೆಕ್ಕ. ಈ ಮನುಷ್ಯ ಆ ಫಾರ್ಮ್‌ಗಳ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಬಡ ಮಕ್ಕಳು ಶೇಕಡಾ 62 ಅಂತ ಬರೆದುಬಿಟ್ಟಿದ್ದ. ಎಲ್ಲಿಂದ ಬಂತು? ಆ ಇನ್ನೊಂದು ಶಾಲೆಯ ಪ್ಲಾನ್‌ನಿಂದಲೇ.

ಬಿಲ್ ಬಿಡಿಸಿ ನೋಡಿದಾಗ ಇನ್ನಷ್ಟು ಸಿಕ್ಕವು. ಫೆಡರಲ್ ದುಡ್ಡಿಗೆ ಬೇಕಾಗುವ ಯುಇಐ ನಂಬರ್ "ಮಾಡಿಸಿಕೊಟ್ಟಿದ್ದಕ್ಕೆ" ನೂರಾರು ಡಾಲರ್. ಅದು ಫೆಡರಲ್ ಸರ್ಕಾರದ ಸೈಟ್ ಸ್ಯಾಮ್ ಡಾಟ್ ಗವ್‌ನಲ್ಲಿ (SAM.gov) ಪುಕ್ಕಟೆ ಸಿಗುತ್ತೆ, ನವೀಕರಣವೂ ಪುಕ್ಕಟೆ. ಕೊನೆಯಲ್ಲಿ ಗವ್ ಬದಲು ಕಾಮ್ ಇರುವ ಸೈಟಿನಿಂದ "ನಿಮ್ಮ ನೋಂದಣಿ ಮುಗಿಯುತ್ತಿದೆ" ಅಂತ ಮೇಲ್ ಬಂದರೆ ಅದನ್ನೂ ಸುಮ್ನೆ ಅಳಿಸಿಬಿಡಿ. ಇನ್ನು, ಎಸ್‌ಪಿಎಸ್‌ಎ ಅನ್ನೋ, ಮಕ್ಕಳ ಕಲಿಕೆ ಸುಧಾರಿಸುವ ಶಾಲಾಮಟ್ಟದ ಇನ್ನೊಂದು ಪ್ಲಾನ್‌ಗೆ ಬೇರೆಯೇ ದರ. ಚಾರ್ಟರ್ ಶಾಲೆ ತನ್ನ ಎಲ್‌ಕ್ಯಾಪನ್ನೇ ಆ ಪ್ಲಾನ್ ಆಗಿ ಬಳಸಬಹುದು, ಫೆಡರಲ್ ನಿಯಮಗಳಿಗೆ ಬೇಕಾದ್ದೆಲ್ಲ ಅದರಲ್ಲಿದ್ದರೆ ಆಯ್ತು. ಕೊನೆಗೆ, ಬಂದ ಅನುದಾನದಲ್ಲಿ ಇಷ್ಟು ಪರ್ಸೆಂಟ್ ಅವನಿಗೆ. ಅನುದಾನದ ಅರ್ಜಿ ಬರೆಯುವವರ ಸಂಘದ ನೀತಿಸಂಹಿತೆಯೇ ಈ ಪರ್ಸೆಂಟ್ ವ್ಯವಹಾರ ಬೇಡ ಅನ್ನುತ್ತದೆ. ಕರಾರಿನಲ್ಲಿ ಪರ್ಸೆಂಟ್ ಅನ್ನೋ ಪದ ಕಂಡರೆ ಅಲ್ಲೇ ಪೆನ್ನು ಕೆಳಗಿಡಿ.

ಜಗಳ ಆಡೋಣ ಅಂದರೆ, ಕರಾರಿನ ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಕೂತಿದೆ: ಕೊಟ್ಟಿದ್ದೆಲ್ಲ ಕರಡು ಮಾತ್ರ, ಸರಿ ತಪ್ಪು ನೋಡಿಕೊಳ್ಳುವ ಹೊಣೆ ಶಾಲೆಯದು. ಫೋನ್ ಮಾಡಿದರೆ ವಾಯ್ಸ್ ಮೇಲ್ ತುಂಬಿದೆ ಅನ್ನುತ್ತೆ. ಆ ವಾರ ಡ್ರಾಫ್ಟ್ ಪಕ್ಕಕ್ಕಿಟ್ಟು ಶಾಲೆಯವರೇ ಬರೆದರು. ಆಫೀಸ್‌ನ ಹುಡುಗಿ ರಾತ್ರಿ ಕೂತು ಹಾಜರಾತಿ, ಟೆಸ್ಟ್ ಅಂಕಗಳನ್ನು ತೆಗೆದುಕೊಟ್ಟಳು. ಪಂಜಾಬಿ ಬರುವ ಒಬ್ಬ ಅಮ್ಮ ಪೋಷಕರನ್ನು ಕರೆಸಿ, ಮಾತು ಅನುವಾದಿಸಿದರು. ಪ್ಲಾನ್ ಸಾದಾ ಇತ್ತು, ಬಣ್ಣ ಇರಲಿಲ್ಲ, ಗಡುವಿನೊಳಗೆ ಹೋಯಿತು.

ಕನ್ಸಲ್ಟೆಂಟ್‌ಗಳೆಲ್ಲ ಕಳ್ಳರು ಅಂತ ನಾನು ಹೇಳ್ತಿಲ್ಲ. ಒಳ್ಳೆಯವರು ಮೊದಲ ದಿನವೇ ನಿಮ್ಮ ಡೇಟಾ ಕೇಳ್ತಾರೆ, ಶಾಲೆಗೆ ಬಂದು ಟೀಚರ್‌ಗಳನ್ನು ಮಾತಾಡಿಸ್ತಾರೆ. ಏನೂ ಕೇಳದೆ ಬರೀ ಇನ್‌ವಾಯ್ಸ್ ಕಳಿಸೋರನ್ನು ದೂರ ಇಡಿ. ದುಡ್ಡು ಕೊಡುವ ಮೊದಲು ನಿಮ್ಮ ಕೌಂಟಿ ಆಫೀಸ್ ಆಫ್ ಎಜುಕೇಶನ್‌ಗೆ ಒಂದು ಫೋನ್ ಹಾಕಿ, ಎಲ್‌ಕ್ಯಾಪ್ ತರಬೇತಿ ಯಾವಾಗ ಅಂತ ಕೇಳಿ. ಖಾಲಿ ನಮೂನೆ, ತುಂಬುವ ಸೂಚನೆ ಎರಡೂ ರಾಜ್ಯದ ಶಿಕ್ಷಣ ಇಲಾಖೆಯ ವೆಬ್‌ಸೈಟ್‌ನಲ್ಲೇ ಪುಕ್ಕಟೆ ಇವೆ. ಈಗಾಗಲೇ ಯಾರಿಂದಲಾದರೂ ಡ್ರಾಫ್ಟ್ ಬಂದಿದ್ದರೆ, ಅದರಿಂದ ಮೂರು ವಾಕ್ಯ ಎತ್ತಿ ಗೂಗಲ್‌ಗೆ ಹಾಕಿ ನೋಡಿ. ಬೋರ್ಡ್ ಸಭೆಗೆ ಮುಂಚೆಯೇ ನೋಡಿ.